ಹೆಸರಿನ ಹಿಂದೆ ಏನಿದೆ?

ಮಕ್ಕಳು ಎಲ್ಲಿ ಓದುತ್ತಿದ್ದಾರೆ ಎಂಬ ಪ್ರಶ್ನೆಗೆ ನಮ್ಮ ಸಮಾಜದಲ್ಲಿರುವ ಬೆಲೆ, ಏನು ಓದುತ್ತಿದ್ದಾರೆ ಎಂಬ ಪ್ರಶ್ನೆಗೆ ಇಲ್ಲ. ಮದುವೆ ಮನೆಯಲ್ಲಿ, ಮಸೀದಿಯ ಅಂಗಳದಲ್ಲಿ, ಬಸ್ ನಿಲ್ದಾಣದ ಚಹಾದ ಅಂಗಡಿಯಲ್ಲಿ ಸಂಸ್ಥೆಯ ಹೆಸರು ಹೇಳಿದರೆ ಸಾಕು, ಮಾತು ಮುಗಿಯುತ್ತದೆ. ಹೆಸರು ದೊಡ್ಡದಾದರೆ ಹುಬ್ಬು ಮೇಲೇರುತ್ತದೆ, ಸಣ್ಣದಾದರೆ ಮಾತು ಬೇರೆ ಕಡೆ ತಿರುಗುತ್ತದೆ. ವೈದ್ಯಕೀಯ, ಇಂಜಿನಿಯರಿಂಗ್ ಪದವಿಗಳ ವಿಷಯದಲ್ಲಿ ಈ ಅಳತೆಗೋಲು ಹೇಗೋ ನಡೆದುಕೊಂಡು ಹೋಗಬಹುದು. ಆದರೆ ಪಿಎಚ್.ಡಿ.ಯನ್ನೂ ಇದೇ ಕೋಲಿನಿಂದ ಅಳೆಯಬಹುದೇ? ಅದರಲ್ಲೂ ಐದಾರು ವರ್ಷದ ಆಯುಷ್ಯವನ್ನು ಒಂದು ಪ್ರಯೋಗಾಲಯಕ್ಕೆ ಒಪ್ಪಿಸಬೇಕಾದ ಬಯೋಮೆಡಿಕಲ್ ಸಂಶೋಧನೆಯನ್ನು?

ಅಫಜಲಪುರದಂಥ ಊರಿನಿಂದ ಎಂ.ಎಸ್ಸಿ. ಮುಗಿಸಿ, ಜೆ.ಆರ್.ಎಫ್. ಗೆದ್ದ ಒಬ್ಬ ಹುಡುಗಿ ಇದ್ದಾಳೆ ಎಂದಿಟ್ಟುಕೊಳ್ಳೋಣ. ಅವಳ ಮುಂದಿರುವ ದಾರಿಗಳು ಕಡಿಮೆಯೇನಿಲ್ಲ. 1980ರಲ್ಲಿ ಸ್ಥಾಪನೆಯಾದ ಗುಲ್ಬರ್ಗ ವಿಶ್ವವಿದ್ಯಾಲಯ ಕಲಬುರಗಿಯಲ್ಲಿದೆ. ಪಕ್ಕದ ಆಳಂದ ತಾಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಹುಟ್ಟಿದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. 2018ರಿಂದ ಖಾಜಾ ಬಂದಾನವಾಜ್ ವಿಶ್ವವಿದ್ಯಾಲಯವೂ ಇದೆ. ಪೂರ್ವಕ್ಕೆ ಹೋದರೆ ಹೈದರಾಬಾದಿನ ಸಿ.ಸಿ.ಎಂ.ಬಿ., ದಕ್ಷಿಣಕ್ಕೆ ಹೋದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಎನ್.ಸಿ.ಬಿ.ಎಸ್., ನಿಮ್ಹಾನ್ಸ್. ಮನೆಯವರು ಹೇಳುವುದು ಒಂದೇ ಮಾತು: "ಕಲಬುರಗ್ಯಾಗೇ ಯುನಿವರ್ಸಿಟಿ ಅದಲ್ಲ, ಅಷ್ಟು ದೂರ ಯಾಕ ಹೋಗ್ತಿ?" ಪಾಠ ಹೇಳಿದ ಮೇಷ್ಟ್ರು ಹೇಳುವುದು ಅದಕ್ಕೆ ತದ್ವಿರುದ್ಧ: "ದೊಡ್ಡ ಹೆಸರು ಸಿಕ್ಕರೆ ಬಿಡಬ್ಯಾಡ." ಇಬ್ಬರ ಮಾತಿನಲ್ಲೂ ಕಾಳಜಿ ಇದೆ. ಆದರೆ ಅವಳು ಯಾರ ಕೈಕೆಳಗೆ, ಯಾವ ಪ್ರಶ್ನೆಯ ಮೇಲೆ ಕೆಲಸ ಮಾಡುತ್ತಾಳೆ ಎಂದು ಇಬ್ಬರೂ ಕೇಳುವುದಿಲ್ಲ.

ಹೆಸರಿನ ಈ ಮೋಹ ಹೊಸದಲ್ಲ. ನಿಜಾಮರ ಆಳ್ವಿಕೆಯಲ್ಲಿ ಗುಲ್ಬರ್ಗ ಕಡೆಯವರಿಗೆ ದೊಡ್ಡ ವಿದ್ಯೆಯೆಂದರೆ ಹೈದರಾಬಾದು, ಹೈದರಾಬಾದೆಂದರೆ 1918ರಲ್ಲಿ ಹುಟ್ಟಿದ ಉಸ್ಮಾನಿಯಾ. ಆಧುನಿಕ ವಿಜ್ಞಾನವನ್ನೂ ವೈದ್ಯವನ್ನೂ ಉರ್ದುವಿನಲ್ಲಿ ಕಲಿಸಿದ ವಿಶ್ವವಿದ್ಯಾಲಯ ಅದು. ಅದಕ್ಕಾಗಿಯೇ ಒಂದು ಅನುವಾದ ಸಂಸ್ಥೆಯನ್ನು ಕಟ್ಟಿ, ಪಾರಿಭಾಷಿಕ ಪದಗಳನ್ನು ಹುಟ್ಟಿಸಿ, ಪುಸ್ತಕಗಳನ್ನು ಬರೆಸಿದರು. ಉಸ್ಮಾನಿಯಾದ ಹೆಸರಿನ ಹಿಂದೆ ಹೀಗೆ ಒಂದು ಕೆಲಸವಿತ್ತು. ಇಂದು ನಾವು ಹೆಸರನ್ನಷ್ಟೇ ಉಳಿಸಿಕೊಂಡು, ಕೆಲಸವನ್ನು ಕೇಳುವುದನ್ನು ಬಿಟ್ಟಿದ್ದೇವೆ.

ಈ ಹೆಸರಿಗೆ ಇಂದು ಸರಕಾರಿ ಮುದ್ರೆಯೊತ್ತುವುದು ರ್‍ಯಾಂಕಿಂಗ್ ಪಟ್ಟಿ. ಕೇಂದ್ರ ಸರಕಾರದ ಎನ್.ಐ.ಆರ್.ಎಫ್. ಪಟ್ಟಿ 2016ರಿಂದ ಪ್ರಕಟವಾಗುತ್ತಿದೆ. ಇದನ್ನು ಜನ ಫಲಿತಾಂಶದಂತೆ ಓದುತ್ತಾರೆ. ನಾವು ಒಂದು ಬರಹದಂತೆ ಓದಿ ನೋಡೋಣ. ವಿಶ್ವವಿದ್ಯಾಲಯಗಳ ವಿಭಾಗದಲ್ಲಿ ಬೋಧನೆ ಮತ್ತು ಸಂಪನ್ಮೂಲಕ್ಕೆ 30, ಸಂಶೋಧನೆಗೆ 30, ಪದವೀಧರರ ಫಲಿತಾಂಶಕ್ಕೆ 20, ಒಳಗೊಳ್ಳುವಿಕೆಗೆ 10, ಜನಾಭಿಪ್ರಾಯಕ್ಕೆ 10 ಅಂಕ. ಜನಾಭಿಪ್ರಾಯ ಎಂದರೇನು? ಅಧ್ಯಾಪಕರನ್ನೂ ಉದ್ಯೋಗದಾತರನ್ನೂ "ನಿಮ್ಮ ದೃಷ್ಟಿಯಲ್ಲಿ ಒಳ್ಳೆಯ ಸಂಸ್ಥೆ ಯಾವುದು" ಎಂದು ಕೇಳುವುದು. ಅಂದರೆ ಹೆಸರಿದ್ದವರಿಗೆ ಹೆಸರಿನ ಕಾರಣಕ್ಕೇ ಅಂಕ ಸಿಗುತ್ತದೆ, ಆ ಅಂಕದಿಂದ ಮತ್ತಷ್ಟು ಹೆಸರು ಬರುತ್ತದೆ. ಉಳಿದ ಮಾಹಿತಿಯಲ್ಲಿ ಬಹುಪಾಲನ್ನು ಸಂಸ್ಥೆಗಳೇ ತುಂಬಿ ಕಳುಹಿಸುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಈ ಪಟ್ಟಿ ಅಳೆಯುವುದು ಇಡೀ ವಿಶ್ವವಿದ್ಯಾಲಯವನ್ನು. ಆ ಹುಡುಗಿ ಸೇರುವುದು ಒಂದು ಪ್ರಯೋಗಾಲಯವನ್ನು. ಊರಿನ ಸರಾಸರಿ ಮಳೆ ಕೇಳಿ ತನ್ನ ಹೊಲಕ್ಕೆ ನೀರು ಬಿತ್ತೆಂದು ಯಾವ ರೈತನೂ ತಿಳಿಯುವುದಿಲ್ಲ.

ಇದು ನಮ್ಮ ದೇಶದ ರೋಗ ಮಾತ್ರವಲ್ಲ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಅಮೆರಿಕದ ಒಂದು ಪ್ರಸಿದ್ಧ ಪಟ್ಟಿಯಲ್ಲಿ ಎರಡನೆಯ ಸ್ಥಾನದಲ್ಲಿತ್ತು. 2022ರಲ್ಲಿ ಅಲ್ಲಿನ ಗಣಿತದ ಪ್ರಾಧ್ಯಾಪಕ ಮೈಕೆಲ್ ಥಾಡಿಯಸ್ ತಮ್ಮದೇ ಸಂಸ್ಥೆ ಕೊಟ್ಟ ಅಂಕಿ-ಅಂಶಗಳನ್ನು ಬಹಿರಂಗವಾಗಿ ಪ್ರಶ್ನಿಸಿದರು. ಅದೇ ವರ್ಷ ಅದು ಹದಿನೆಂಟನೆಯ ಸ್ಥಾನಕ್ಕೆ ಇಳಿಯಿತು. ಕೆಲವು ತಿಂಗಳಲ್ಲಿ ಅಲ್ಲಿನ ಪ್ರಯೋಗಾಲಯಗಳು ಕೆಟ್ಟುಹೋದವೇ? ಇಲ್ಲ. ಪಟ್ಟಿ ಮಾತ್ರ ಬದಲಾಯಿತು. 2023ರ ಜನವರಿಯಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆ ಅದೇ ಪ್ರಕಾಶಕರ ವೈದ್ಯಕೀಯ ಶಾಲೆಗಳ ಪಟ್ಟಿಗೆ ಮಾಹಿತಿ ಕೊಡುವುದನ್ನೇ ನಿಲ್ಲಿಸಿತು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2010ರಲ್ಲಿ ಡಾಕ್ಟರೇಟ್ ಕಾರ್ಯಕ್ರಮಗಳನ್ನು ಅಳೆದಾಗ, ಒಂದು ಕಾರ್ಯಕ್ರಮಕ್ಕೆ ಒಂದೇ ಸ್ಥಾನ ಕೊಡದೆ, ಇಷ್ಟರಿಂದ ಇಷ್ಟರೊಳಗೆ ಎಂಬ ವ್ಯಾಪ್ತಿಯನ್ನು ಕೊಟ್ಟಿತು. ಅಳೆಯುವುದನ್ನೇ ಕಸುಬಾಗಿಸಿಕೊಂಡವರು ಇಷ್ಟು ಅಳುಕುತ್ತಿರುವಾಗ, ನಾವು ಮಾತ್ರ ಪಟ್ಟಿಯ ಕ್ರಮಸಂಖ್ಯೆಯನ್ನು ವೇದವಾಕ್ಯದಂತೆ ಹಿಡಿದಿದ್ದೇವೆ.

ಹಾಗಾದರೆ ಹೆಸರಿಗೆ ಬೆಲೆಯೇ ಇಲ್ಲವೇ? ಇದೆ. ಇಲ್ಲವೆಂದು ಹೇಳುವುದು ಬಡವರ ಮಕ್ಕಳಿಗೆ ಮಾಡುವ ಮೋಸವಾದೀತು. 2022ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಅಮೆರಿಕದಲ್ಲೇ ಡಾಕ್ಟರೇಟ್ ಪಡೆದು ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಕಲಿಸುತ್ತಿರುವವರಲ್ಲಿ ನೂರಕ್ಕೆ 80 ಮಂದಿ ಬಂದಿರುವುದು ಐದನೆಯ ಒಂದು ಭಾಗದಷ್ಟು ವಿಶ್ವವಿದ್ಯಾಲಯಗಳಿಂದ ಮಾತ್ರ. ನಮ್ಮಲ್ಲೂ ಸಂದರ್ಶನದ ಕೋಣೆಯಲ್ಲಿ ಅರ್ಜಿಯ ಮೇಲಿನ ಹೆಸರು ಅಭ್ಯರ್ಥಿಗಿಂತ ಮೊದಲು ಮಾತಾಡುತ್ತದೆ. ಹೆಸರಿನ ಜೊತೆಗೆ ಸಾಮಗ್ರಿಯೂ ಬರುತ್ತದೆ: ಬೆಲೆಬಾಳುವ ಸೂಕ್ಷ್ಮದರ್ಶಕ, ಪ್ರಾಣಿಗಳ ಪ್ರಯೋಗಕ್ಕೆ ವ್ಯವಸ್ಥೆ, ತಡವಾಗದೆ ಬರುವ ರಾಸಾಯನಿಕ, ವಾರಕ್ಕೊಮ್ಮೆ ಹೊರಗಿನವರ ಉಪನ್ಯಾಸ, ಪಕ್ಕದ ಮೇಜಿನಲ್ಲಿ ಕುಳಿತ ಬುದ್ಧಿವಂತ ಗೆಳೆಯರು. ಒಂದು ರಾಸಾಯನಿಕಕ್ಕಾಗಿ ಆರು ತಿಂಗಳು ಕಾಯುವ ವಿದ್ಯಾರ್ಥಿಯ ಬುದ್ಧಿ ಎಷ್ಟು ಚುರುಕಾಗಿದ್ದರೇನು? "ನಮ್ಮೂರ ವಿಶ್ವವಿದ್ಯಾಲಯವೇ ಸಾಕು" ಎಂಬ ಅಭಿಮಾನದ ಮಾತು ಈ ಕಷ್ಟವನ್ನು ಮುಚ್ಚಿಡುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಈ ಅಭಿಮಾನ ಅನೇಕ ಸಲ ಭಯದ ಇನ್ನೊಂದು ಹೆಸರು.

ಹೆಸರು ಬಾಗಿಲು ತೆರೆಯುತ್ತದೆ, ಒಳಗಿನ ಕೆಲಸ ಮಾಡುವುದಿಲ್ಲ. ಈ ವ್ಯತ್ಯಾಸವನ್ನು ತಿಳಿದವರ ಬದುಕನ್ನು ನೋಡಬೇಕು. ಉಬೈದ್ ಸಿದ್ದೀಕಿ 1932ರಲ್ಲಿ ಉತ್ತರ ಪ್ರದೇಶದ ಬಸ್ತಿ ಜಿಲ್ಲೆಯಲ್ಲಿ ಹುಟ್ಟಿ, ಅಲಿಗಢದಲ್ಲಿ ಓದಿದರು. ಡಾಕ್ಟರೇಟ್‌ಗಾಗಿ ಅವರು ಹೋದದ್ದು ಗ್ಲಾಸ್ಗೋಗೆ. ಬ್ರಿಟನ್ ಎಂದೊಡನೆ ನಮ್ಮ ಬಾಯಿಗೆ ಬರುವ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಿಗಲ್ಲ. ಗ್ಲಾಸ್ಗೋದಲ್ಲಿ ಗ್ವಿಡೊ ಪೊಂಟೆಕೊರ್ವೊ ಇದ್ದರು. ತಳಿವಿಜ್ಞಾನದಲ್ಲಿ ಹೊಸ ದಾರಿ ಕಂಡ ಅವರ ವಿಭಾಗದಲ್ಲಿ ಸಿದ್ದೀಕಿ ಪಳಗಿದರು. 1962ರಲ್ಲಿ ಹೋಮಿ ಭಾಭಾ ಕರೆದಾಗ ಮುಂಬೈಗೆ ಬಂದು ಅಣುಜೀವವಿಜ್ಞಾನದ ಘಟಕ ಕಟ್ಟಿದರು. ಮುಂದೆ ಬೆಂಗಳೂರಿನ ಎನ್.ಸಿ.ಬಿ.ಎಸ್. ಕಟ್ಟಿದವರೂ ಅವರೇ. ಇಂದು ನಮ್ಮ ಮಕ್ಕಳು ಹೆಸರು ಕೇಳಿಯೇ ಬಯಸುವ ಸಂಸ್ಥೆ ಇದು. ಅದನ್ನು ಕಟ್ಟಿದವರು ಮಾತ್ರ ಗುರುವಿನ ನೆರಳಿನಲ್ಲಿ ತಯಾರಾದವರು. ನಮ್ಮದೇ ಸಿ.ಎನ್.ಆರ್. ರಾವ್ ಮೈಸೂರು, ಬನಾರಸುಗಳಲ್ಲಿ ಓದಿ, ಎಂ.ಐ.ಟಿ., ಕೊಲಂಬಿಯಾಗಳ ಅವಕಾಶವಿದ್ದರೂ ಪರ್ಡ್ಯೂ ವಿಶ್ವವಿದ್ಯಾಲಯವನ್ನು ಆರಿಸಿಕೊಂಡು 1958ರಲ್ಲಿ ಡಾಕ್ಟರೇಟ್ ಪಡೆದರು.

ಎದುರಿನ ಉದಾಹರಣೆಯೂ ಇದೆ. ಕತಾಲಿನ್ ಕಾರಿಕೊ ಹಂಗೇರಿಯ ಸೆಗೆಡ್ ಎಂಬ ಊರಿನ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ಅಮೆರಿಕಕ್ಕೆ ಹೋದರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಂಥ ದೊಡ್ಡ ಹೆಸರಿನ ಸಂಸ್ಥೆ, ಹಣ ತರಲಿಲ್ಲವೆಂದು 1995ರಲ್ಲಿ ಅವರನ್ನು ಕೆಳಗಿನ ಹುದ್ದೆಗೆ ಇಳಿಸಿತು. ಅವರು ಬಿಡದೆ ಹಿಡಿದಿದ್ದ ಎಂ.ಆರ್.ಎನ್.ಎ. ಸಂಶೋಧನೆಯಿಂದಲೇ ಕೋವಿಡ್ ಲಸಿಕೆ ಸಾಧ್ಯವಾಯಿತು. 2023ರಲ್ಲಿ ನೊಬೆಲ್ ಬಂತು. ದೊಡ್ಡ ಹೆಸರಿನ ಸಂಸ್ಥೆಗೂ ತನ್ನೊಳಗಿನ ರತ್ನ ಕಾಣದೆ ಹೋಗಬಹುದು.

ಇನ್ನು ಹಣದ ಮಾತು. 2023ರ ಜನವರಿಯಿಂದ ಜೆ.ಆರ್.ಎಫ್. ಮೊತ್ತ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಸಿ.ಎಸ್.ಐ.ಆರ್. ಅಥವಾ ಯು.ಜಿ.ಸಿ.ಯ ಈ ಹಣ ವಿದ್ಯಾರ್ಥಿಯ ಜೊತೆ ಹೋಗುತ್ತದೆ. ಕಡಗಂಚಿಯಲ್ಲೂ ಅಷ್ಟೇ, ಬೆಂಗಳೂರಲ್ಲೂ ಅಷ್ಟೇ. ಹಾಗಾಗಿ ಜೆ.ಆರ್.ಎಫ್. ಗೆದ್ದವರು ಬೇಡುವವರಲ್ಲ, ಆರಿಸಿಕೊಳ್ಳುವವರು. ಈ ಅರಿವು ನಮ್ಮ ಕಡೆಯ ಮಕ್ಕಳಿಗೆ ಇಲ್ಲ. ಆದರೆ ಜೆ.ಆರ್.ಎಫ್. ಸ್ವಲ್ಪದರಲ್ಲಿ ತಪ್ಪಿದವರ ಗತಿ? ಸಾಚಾರ್ ವರದಿಯ ಬೆನ್ನಿಗೆ 2009ರಲ್ಲಿ ಶುರುವಾದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ ಅಂಥ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಆಸರೆಯಾಗಿತ್ತು. ಬೇರೆ ಯೋಜನೆಗಳ ಜೊತೆ ಬೆರೆಯುತ್ತದೆ ಎಂಬ ಕಾರಣ ಕೊಟ್ಟು ಕೇಂದ್ರ ಸರಕಾರ 2022-23ರಿಂದ ಅದನ್ನು ನಿಲ್ಲಿಸಿತು. ಫೆಲೋಶಿಪ್ ಇಲ್ಲದವರಿಗೆ ಆಯ್ಕೆ ಎಂಬ ಶಬ್ದಕ್ಕೇ ಅರ್ಥವಿಲ್ಲ. 371(ಜೆ) ವಿಧಿಯ ಮೀಸಲಾತಿ ನಮ್ಮ ಭಾಗಕ್ಕೆ ರಾಜ್ಯದ ಶಿಕ್ಷಣ ಸಂಸ್ಥೆಗಳಲ್ಲಿ, ರಾಜ್ಯ ಸರಕಾರದ ನೌಕರಿಗಳಲ್ಲಿ ಬಲ ಕೊಟ್ಟಿದೆ, ನಿಜ. ಕೇಂದ್ರದ ಸಂಶೋಧನಾ ಸಂಸ್ಥೆಗಳ ಬಾಗಿಲಲ್ಲಿ ಅದು ನಡೆಯುವುದಿಲ್ಲ.

ಅಂತರ ಕಡಿಮೆಯಾಗುತ್ತಿರುವ ಕಡೆಯನ್ನೂ ಹೇಳಬೇಕು. 2025ರ ಜನವರಿಯಲ್ಲಿ ಆರಂಭವಾದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯಿಂದ, ಸರಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ ಸುಮಾರು 13,000 ಅಂತಾರಾಷ್ಟ್ರೀಯ ಪತ್ರಿಕೆಗಳನ್ನು ತಲುಪಿಸುವ ವ್ಯವಸ್ಥೆಯಾಗಿದೆ. ಬೆಂಗಳೂರಿನವರು ಓದುವ ಪ್ರಬಂಧವನ್ನು ಕಲಬುರಗಿಯವರೂ ಅದೇ ದಿನ ಓದಬಹುದು. ಓದುವ ಅಭ್ಯಾಸ ಇರುವ ಗೈಡ್ ಸಿಗಬೇಕು, ಅಷ್ಟೇ.

ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು ಬೇರೆ. ಗೈಡ್ ಕಳೆದ ಐದು ವರ್ಷಗಳಲ್ಲಿ ಏನು ಪ್ರಕಟಿಸಿದ್ದಾರೆ, ಅದರಲ್ಲಿ ಮೊದಲ ಹೆಸರು ವಿದ್ಯಾರ್ಥಿಗಳದ್ದೇ? ಅವರ ಹಿಂದಿನ ವಿದ್ಯಾರ್ಥಿಗಳು ಎಷ್ಟು ವರ್ಷದಲ್ಲಿ ಮುಗಿಸಿದರು, ಈಗ ಎಲ್ಲಿದ್ದಾರೆ? ಅರ್ಧಕ್ಕೆ ಬಿಟ್ಟವರೆಷ್ಟು? ಯು.ಜಿ.ಸಿ.ಯ 2022ರ ನಿಯಮದಂತೆ ಒಬ್ಬ ಪ್ರೊಫೆಸರ್ ಏಕಕಾಲಕ್ಕೆ 8 ಮಂದಿಗಿಂತ ಹೆಚ್ಚು ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ. ಈಗ ಅವರ ಬಳಿ ಎಷ್ಟಿದ್ದಾರೆ, ಪ್ರತಿಯೊಬ್ಬರಿಗೂ ವಾರಕ್ಕೆ ಎಷ್ಟು ಹೊತ್ತು ಸಿಗುತ್ತದೆ? ಪ್ರಯೋಗಾಲಯದ ಯೋಜನೆಗೆ ಇನ್ನೆಷ್ಟು ವರ್ಷದ ಅನುದಾನ ಉಳಿದಿದೆ? ಎನ್.ಸಿ.ಬಿ.ಎಸ್.ನಂಥ ಕಡೆ ಮೊದಲ ವರ್ಷ ಬೇರೆ ಬೇರೆ ಪ್ರಯೋಗಾಲಯಗಳಲ್ಲಿ ಕೆಲಸ ಮಾಡಿ ನೋಡಿ, ಆಮೇಲೆ ಗೈಡನ್ನು ಆರಿಸಿಕೊಳ್ಳುವ ಪದ್ಧತಿಯಿದೆ. ಅದಿಲ್ಲದ ಕಡೆ ಒಂದು ತಿಂಗಳಾದರೂ ಹೋಗಿ ನೋಡಲು ಅವಕಾಶವಿದೆಯೇ? ಹೆಣ್ಣುಮಕ್ಕಳಾದರೆ ಹಾಸ್ಟೆಲ್ ಎಷ್ಟು ದೂರ, ರಾತ್ರಿ ಹತ್ತಕ್ಕೆ ಪ್ರಯೋಗ ಮುಗಿದರೆ ಹಿಂದಿರುಗುವುದು ಹೇಗೆ? ಇದೇ ನಿಯಮದಲ್ಲಿ 240 ದಿನಗಳ ಹೆರಿಗೆ ರಜೆ ಇದೆ. ಅದನ್ನು ಗೊಣಗದೆ ಕೊಡುವ ಪ್ರಯೋಗಾಲಯವೇ? ಇವುಗಳ ಉತ್ತರ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅಲ್ಲಿ ಓದುತ್ತಿರುವ ಮಕ್ಕಳ ಬಾಯಲ್ಲಿರುತ್ತದೆ. ಗೈಡ್ ಎದುರಿಗಿಲ್ಲದಾಗ ಅವರನ್ನು ಕೇಳಬೇಕು.

ಕೊನೆಯ ಪ್ರಶ್ನೆ ಸಂಶೋಧನೆಯ ವಿಷಯದ್ದು. ಅಫಜಲಪುರ, ಜೇವರ್ಗಿಗಳ ತೊಗರಿ ಹೊಲದಲ್ಲಿ ದುಡಿಯುವವರಿಗೆ ಹಾವಿನ ಭಯ ಗೊತ್ತು. ಕರ್ನಾಟಕ 2024ರಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ನಮ್ಮ ದೇಶದ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕರ ವಿಷಕ್ಕೆ ತಯಾರಾಗುತ್ತದೆ. ಅದಕ್ಕೆ ಬೇಕಾದ ವಿಷ ಬಹುಮಟ್ಟಿಗೆ ತಮಿಳುನಾಡಿನ ಹಾವುಗಳಿಂದ ಬರುತ್ತದೆ. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುತ್ತದೆಂದು ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಹಾಗಾದರೆ ಭೀಮಾ ತೀರದ ಮಂಡಲದ ವಿಷ ಹೇಗಿದೆ? ಈ ಪ್ರಶ್ನೆಯ ಮಹತ್ವ ಅಫಜಲಪುರದ ಹುಡುಗಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯದು. ಅದನ್ನು ಬಿಡಿಸುವ ಉಪಕರಣ ಬೆಂಗಳೂರಲ್ಲಿರಬಹುದು, ಹೊಲ ಮಾತ್ರ ಇಲ್ಲಿದೆ. ಇಂಥ ಪ್ರಶ್ನೆ ಕೈಯಲ್ಲಿದ್ದವರು ಸಂಸ್ಥೆಯ ಹೆಸರಿಗೆ ಮರುಳಾಗುವುದಿಲ್ಲ, ಹೆದರುವುದೂ ಇಲ್ಲ.

ಸಮಾಜದ ಸಂಘಟನೆಗಳು ಪ್ರತಿವರ್ಷ ಪ್ರತಿಭಾ ಪುರಸ್ಕಾರ ನಡೆಸುತ್ತವೆ. ಶಾಲು, ಫಲಕ, ಭಾವಚಿತ್ರ. ಕೆಳಗೆ ಸಂಸ್ಥೆಯ ಹೆಸರು. ಸನ್ಮಾನಿತರ ಸಂಶೋಧನೆ ಏನೆಂದು ಎರಡು ಸಾಲು ಹೇಳಿಸುವ ಸಮಾರಂಭ ಅಪರೂಪ. ಶಾಲಿನ ಖರ್ಚಿನಲ್ಲಿ ಒಂದಿಷ್ಟನ್ನು ಉಳಿಸಿ, ಎಂ.ಎಸ್ಸಿ. ಮಕ್ಕಳನ್ನು ಹೈದರಾಬಾದಿಗೋ ಬೆಂಗಳೂರಿಗೋ ಕರೆದೊಯ್ದು ಎರಡು ದಿನ ಪ್ರಯೋಗಾಲಯಗಳನ್ನು ತೋರಿಸಬಹುದು. ಈಗಾಗಲೇ ಪಿಎಚ್.ಡಿ. ಮಾಡುತ್ತಿರುವ ನಮ್ಮ ಭಾಗದವರನ್ನು ಕರೆಸಿ, ಮೇಲೆ ಹೇಳಿದ ಪ್ರಶ್ನೆಗಳಿಗೆ ಮುಚ್ಚುಮರೆಯಿಲ್ಲದೆ ಉತ್ತರ ಹೇಳಿಸಬಹುದು. ಜೆ.ಆರ್.ಎಫ್. ತಪ್ಪಿದ ಒಬ್ಬರಿಗಾದರೂ ಮೂರು ವರ್ಷ ಆಸರೆಯಾಗಬಹುದು. ಈ ಕೆಲಸ ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ನಡೆದರೆ, ಹೆಸರನ್ನು ಹುಡುಕಿಕೊಂಡು ಹೋಗುವವರ ಬದಲು ಹೆಸರನ್ನು ಕಟ್ಟುವವರು ಈ ಮಣ್ಣಿನಿಂದ ಎದ್ದು ಬಂದಾರು.