ಹಳೆಯ ನೌಕೆ, ಎರವಲು ಸಾವು

1966ರಲ್ಲಿ ಅಮೆರಿಕದ ಟಿ.ವಿ.ಯಲ್ಲಿ ಆರಂಭವಾದ 'ಸ್ಟಾರ್ ಟ್ರೆಕ್' ಅನ್ನು 2009ರಲ್ಲಿ ಹೊಸ ನಟರೊಂದಿಗೆ ತೆರೆಗೆ ತಂದ ನಿರ್ದೇಶಕ ಜೆ.ಜೆ. ಅಬ್ರಾಮ್ಸ್ ಒಂದು ಜಾಣ ಉಪಾಯ ಹೂಡಿದ್ದರು. ಭವಿಷ್ಯದಿಂದ ಬಂದ ಶತ್ರುವೊಬ್ಬ ಕಾಲವನ್ನೇ ಕವಲೊಡೆಸುತ್ತಾನೆ. ಹಳೆಯ ಕಥೆ ಅಳಿಯುವುದಿಲ್ಲ, ಹೊಸತಕ್ಕೆ ಅದರ ಹಂಗೂ ಇಲ್ಲ. ಸ್ಪಾಕ್‌ನ ಗ್ರಹ ವಲ್ಕನ್ ಕಣ್ಣೆದುರೇ ನಾಶವಾದಾಗ, ಇಲ್ಲಿ ಇನ್ನು ಏನೂ ಆಗಬಹುದು ಎಂದು ನಮಗನಿಸಿತು.

2013ರ 'ಇನ್‌ಟು ಡಾರ್ಕ್‌ನೆಸ್'ನಲ್ಲಿ ಆ ಧೈರ್ಯ ಕೈಕೊಟ್ಟಿತು. 1982ರ 'ದಿ ರಾಥ್ ಆಫ್ ಖಾನ್'ನಲ್ಲಿ ಸ್ಪಾಕ್ ವಿಕಿರಣಕ್ಕೆ ಮೈಯೊಡ್ಡಿ, ನೌಕೆಯನ್ನುಳಿಸಿ ಸಾಯುತ್ತಾನೆ. ಗಾಜಿನಾಚೆ ಗೆಳೆಯ ಕರ್ಕ್. ಪ್ರೇಕ್ಷಕರು ಆ ಗೆಳೆತನವನ್ನು ಹದಿನಾರು ವರ್ಷಗಳಿಂದ ಬಲ್ಲವರಾಗಿದ್ದರು. ಹೊಸ ಚಿತ್ರ ಅದೇ ದೃಶ್ಯವನ್ನು ತಿರುವಿಹಾಕಿ ಕರ್ಕ್‌ನನ್ನು ಸಾಯಿಸಿತು. ಈ ಕರ್ಕ್‌ನ ಪರಿಚಯವೇ ನಮಗೆ ಎರಡು ಚಿತ್ರಗಳದು! ಮೇಲಾಗಿ ಖಳನಾಯಕ ಖಾನ್‌ನ ರಕ್ತ ಕೊಟ್ಟು ನಿಮಿಷಗಳಲ್ಲೇ ಎಬ್ಬಿಸಿಬಿಟ್ಟರು. ಹಳೆಯ ಸ್ಪಾಕ್ ಕೂಡ ಮರಳಿದ್ದ, ನಿಜ. ಅದಕ್ಕೆ 1984ರಲ್ಲಿ ಬೇರೆಯೇ ಒಂದು ಚಿತ್ರ ಬೇಕಾಗಿತ್ತು.

ಖಾನ್‌ನ ವಿಷಯಕ್ಕೆ ಬಂದರೆ ನಮಗೆ ಇನ್ನೊಂದು ತಕರಾರಿದೆ. 1967ರ ಕಂತಿನಲ್ಲಿ ಆತ ಉತ್ತರ ಭಾರತದವ, ಬಹುಶಃ ಸಿಖ್ ಎಂಬ ಮಾತು ಬರುತ್ತದೆ. ಆಗ ನಟಿಸಿದವರು ಮೆಕ್ಸಿಕೊ ಮೂಲದ ರಿಕಾರ್ಡೊ ಮೊಂಟಲ್ಬಾನ್. ಅದೂ ಸರಿಯಾದ ಆಯ್ಕೆಯೇನಲ್ಲ. ಆದರೆ ಕರಿಯ ಮಹಿಳೆ ಉಹುರಾಳನ್ನು 1966ರಲ್ಲೇ ನೌಕೆಯ ಅಧಿಕಾರಿಯಾಗಿಸಿದ ಸರಣಿಯ ವಾರಸುದಾರರು, ಸುಮಾರು ಐವತ್ತು ವರ್ಷಗಳ ಬಳಿಕ ಆ ಪಾತ್ರಕ್ಕೆ ಆರಿಸಿದ್ದು ಬಿಳಿಯ ಇಂಗ್ಲಿಷ್ ನಟ ಬೆನೆಡಿಕ್ಟ್ ಕಂಬರ್‌ಬ್ಯಾಚ್ ಅವರನ್ನು. ನಟನೆಯಲ್ಲಿ ದೋಷವಿಲ್ಲ. ಖಾನ್ ನೂನಿಯನ್ ಸಿಂಗ್ ಎಂಬ ಹೆಸರನ್ನಂತೂ ಬದಲಿಸಲಿಲ್ಲ.