ಬಟ್ಟೆಯಲ್ಲಿ ಸೋಸುವ ಪಾಚಿ

ಕಲಬುರಗಿಯವರಿಗೆ ಪಾಚಿ ಎಂದರೆ ಕಾಲು ಜಾರಿಸುವ ಬಾವಿಮೆಟ್ಟಿಲು. ಅದನ್ನೇ ತಟ್ಟೆಗೆ ತರಲು ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾಲಯ ಸಿಎಫ್‌ಟಿಆರ್‌ಐನಲ್ಲಿ ವರ್ಷಗಟ್ಟಲೆ ದುಡಿದ ವಿಜ್ಞಾನಿ ಎಲ್. ವಿ. ವೆಂಕಟರಾಮನ್. 1970ರ ದಶಕದಲ್ಲಿ ಜರ್ಮನಿಯ ಸಹಕಾರದಲ್ಲಿ ಅಲ್ಲಿ ಮೊದಲು ಬೆಳೆದದ್ದು ಸಿನೆಡೆಸ್ಮಸ್ ಎಂಬ ಹಸಿರು ಪಾಚಿ. ಪ್ರೋಟೀನಿಗೆ ಕೊರತೆಯಿಲ್ಲ, ಆದರೆ ಕಣ ತೀರ ಸಣ್ಣದು, ನೀರಿನಿಂದ ಬೇರ್ಪಡಿಸಲು ಯಂತ್ರ ಬೇಕು. ಕೋಶದ ಗೋಡೆ ಗಟ್ಟಿ, ಬಿಸಿ ಉರುಳೆಯ ಮೇಲೆ ಒಣಗಿಸದಿದ್ದರೆ ಜೀರ್ಣವಾಗದು. ಆಮೇಲೆ ಕೈಗೆತ್ತಿಕೊಂಡ ಸ್ಪಿರುಲಿನಾ ಎಳೆಎಳೆಯಾಗಿ ಬೆಳೆಯುತ್ತದೆ, ಬಟ್ಟೆಯಲ್ಲೇ ಸೋಸಬಹುದು, ಬಿಸಿಲಲ್ಲೇ ಒಣಗಿಸಬಹುದು. ವೆಂಕಟರಾಮನ್ ಅವರು ಇ. ಡಬ್ಲ್ಯು. ಬೆಕರ್ ಜೊತೆ 1985ರಲ್ಲಿ ಪ್ರಕಟಿಸಿದ ಗ್ರಂಥ ಭಾರತದ ಈ ಅನುಭವವನ್ನೇ ಕುರಿತದ್ದು. ನನ್ನ ಮಟ್ಟಿಗೆ ಗೆದ್ದದ್ದು ಪ್ರೋಟೀನ್ ಅಲ್ಲ, ಸೋಸುವ ಬಟ್ಟೆ.

ಪ್ರೋಟೀನಿನ ಲೆಕ್ಕ ಹಿಡಿದರೆ ನಮ್ಮ ಜಿಲ್ಲೆಯಲ್ಲಿ ಪಾಚಿ ಸೋಲುವುದು ಖಂಡಿತ. ಮಗುವಿಗೆ ದಿನಕ್ಕೆ ಒಂದು ಗ್ರಾಂ ಪುಡಿ ಕೊಟ್ಟರೆ ಸಿಗುವ ಪ್ರೋಟೀನ್ ಸುಮಾರು 0.6 ಗ್ರಾಂ, 30 ಗ್ರಾಂ ತೊಗರಿಬೇಳೆಯಲ್ಲಿ ಅದರ ಹತ್ತು ಪಟ್ಟು ಇದೆ. ಅದೇ ಪುಡಿಯಲ್ಲಿರುವ, ದೇಹದಲ್ಲಿ ಎ ವಿಟಮಿನ್ ಆಗುವ ಬೀಟಾ ಕ್ಯಾರೋಟಿನ್‌ನ ಮಾತು ಬೇರೆ. ಅದು ಮೈಗೂಡಲು ಜಿಡ್ಡು ಬೇಕು, ರೊಟ್ಟಿಯ ಪಕ್ಕದ ಶೇಂಗಾ ಹಿಂಡಿಯಲ್ಲಿ ಆ ಜಿಡ್ಡು ಸಿದ್ಧವಾಗಿದೆ. ಪುಡಿಯನ್ನು ಬೇರೆಡೆಯಿಂದ ತರಿಸಿದರಾಯಿತಲ್ಲ ಎನ್ನಬಹುದು. ನಿಜ, ಪುಡಿ ಮಾರಲು ನಮ್ಮ ಜಿಲ್ಲೆಯ ಕಮಲಾಪುರದಲ್ಲಿ ಪಾಚಿ ಹೊಂಡ ತೋಡುವುದು ದಡ್ಡತನ. ಅಲ್ಲಿನ ಕೆಂಪು ಬಾಳೆಗೆ ಊರಿನ ಹೆಸರೇ ಬೆಲೆ ತರುತ್ತದೆ, ಹಸಿರು ಪುಡಿಗೆ ಊರಿಲ್ಲ. ಆದರೆ ಮಕ್ಕಳು ಮೂಗು ಮುರಿಯುವುದು ಒಣಪುಡಿಯ ವಾಸನೆಗೆ. ಆಗಷ್ಟೇ ಸೋಸಿದ ಹಸಿ ಮುದ್ದೆಯ ರುಚಿ ಸೌಮ್ಯ. ಅದು ಬೇಗ ಕೆಡುವುದರಿಂದ ದೂರ ಸಾಗದು. ಅಂಗನವಾಡಿಯ ಹತ್ತಿರದ ಹೊಂಡಕ್ಕೆ ಇರುವ ಅನುಕೂಲ ಇದೊಂದೇ, ಆದರೆ ದೊಡ್ಡದು.

ಬಿಸಿಲ ನಾಡಿಗೆ ಹೇಳಿಮಾಡಿಸಿದ ಬೆಳೆ ಎಂಬ ಮಾತನ್ನು ಪೂರ್ತಿ ನಂಬಬೇಡಿ. ಸ್ಪಿರುಲಿನಾಕ್ಕೆ ಹಿತವಾದ ಶಾಖ 35 ಡಿಗ್ರಿ ಆಸುಪಾಸು. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ 40 ದಾಟುತ್ತದೆ, ನೆರಳುಬಲೆ ಬೇಕೇ ಬೇಕು. ಸೋಸಿದ ನೀರನ್ನು ಮತ್ತೆ ಹೊಂಡಕ್ಕೇ ಬಿಡಬಹುದು, ಆವಿಯಾದದ್ದನ್ನು ಮಾತ್ರ ತುಂಬಿಕೊಡಬೇಕು. ಇನ್ನು ಕೆರೆಯ ಹಸಿರು ಸಾಲದೇ ಎಂದರೆ ಸಾಲದು. ಮೈಕ್ರೋಸಿಸ್ಟಿಸ್‌ನಂಥ ಕೆರೆಪಾಚಿಗಳು ಯಕೃತ್ತಿಗೆ ವಿಷ. ಸ್ಪಿರುಲಿನಾ ಬೆಳೆಸುವ ಸೋಡಾ ಬೆರೆತ ಕ್ಷಾರ ನೀರು ಬೇರೆ ಪಾಚಿಗಳನ್ನು ಬಹುಮಟ್ಟಿಗೆ ದೂರವಿಡುತ್ತದೆ, ಪೂರ್ತಿಯಾಗಿ ಅಲ್ಲ. ಕ್ಷಾರ ಅಳೆಯಲು, ಸೂಕ್ಷ್ಮದರ್ಶಕದಲ್ಲಿ ಇಣುಕಿ ನೋಡಲು ಒಬ್ಬರು ಸಿಗುವವರೆಗೆ ಅಂಗನವಾಡಿಯ ಹೊಂಡ ಖಾಲಿಯಿದ್ದರೂ ನಷ್ಟವಿಲ್ಲ.