ಹಾಡು ಮುಗಿಯಲಿ, ಆಮೇಲೆ ಕತ್ತರಿ

ಗದಗ ಸೀಮೆಯ ಗವಾಯಿಗಳನ್ನೂ ಅನುಭಾವಿಗಳನ್ನೂ ಜನರ ಮನಸ್ಸಿನಲ್ಲಿ ಉಳಿಸಿದ್ದು ಸಿನಿಮಾ ಎಂಬ ಮಾತು ನಮ್ಮ ಕಡೆ ಇತ್ಯರ್ಥವಾದಂತೆಯೇ ಇದೆ. ಪಂಚಾಕ್ಷರಿ ಗವಾಯಿಗಳ ಮೇಲೆ ಚಿತ್ರ ಬಂತು, ಶಿಶುನಾಳ ಶರೀಫರ ಮೇಲೆ ಬಂತು, ಎರಡಕ್ಕೂ ರಾಷ್ಟ್ರಪ್ರಶಸ್ತಿಯ ಗೌರವ ಸಿಕ್ಕಿತು, ಇನ್ನೇನು ಬೇಕು ಎನ್ನುತ್ತಾರೆ. ಈ ಮಾತಿನ ಬೆನ್ನಿಗೇ ಇನ್ನೆರಡು ತೀರ್ಪು ಹೊರಬೀಳುತ್ತವೆ. ಸಾಕ್ಷ್ಯಚಿತ್ರವೆಂದರೆ ನಿದ್ದೆ ಬರಿಸುವ ಸರಕಾರಿ ಬಾಬತ್ತು. ಜಾತ್ರೆಯ ನಾಟಕವನ್ನು ಮದುವೆ ವಿಡಿಯೊದವನಿಂದ ಹಿಡಿಸಿ ಯೂಟ್ಯೂಬಿಗೆ ಏರಿಸಿದ್ದು ಬರೀ ಕಸ. ಮೂರನ್ನೂ ತಿರುಗಿಸಿ ಹಾಕಬೇಕೆಂಬುದು ನನ್ನ ವಾದ.

ಲಕ್ಷ್ಮೇಶ್ವರ ಸೀಮೆಯ ಯಳವತ್ತಿಯಲ್ಲಿ ನಿಂತು ಸುತ್ತ ನೋಡಿ. ಒಂದು ಕಡೆ ಶಿರಹಟ್ಟಿ; ವೆಂಕೋಬರಾಯರ ನಾಟಕ ಕಂಪನಿ ಹುಟ್ಟಿದ ಊರು. ಇನ್ನೊಂದು ಕಡೆ ಶಿಶುನಾಳ. ಗದುಗಿನಲ್ಲಿ ರಂಗನಟ ಗರುಡ ಸದಾಶಿವರಾಯರ ನೆನಪು, ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿದ ವೀರೇಶ್ವರ ಪುಣ್ಯಾಶ್ರಮ. ಆಚೆ ರೋಣ, 1922ರಲ್ಲಿ ಭೀಮಸೇನ ಜೋಶಿ ಹುಟ್ಟಿದ ಊರು. ಇಷ್ಟು ಹಾಡು, ಇಷ್ಟು ನಾಟಕ ತುಂಬಿದ ನೆಲ ಕರ್ನಾಟಕದಲ್ಲಿ ಕಡಿಮೆ. ಆದರೆ ಇದರ ಎಷ್ಟು ಪಾಲು ಕ್ಯಾಮೆರಾದ ಮುಂದೆ ಇದ್ದದ್ದು ಇದ್ದಂತೆ ಬಂದಿದೆ?

1995ರ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರವನ್ನೇ ತೆಗೆದುಕೊಳ್ಳೋಣ. ನಿರ್ದೇಶಿಸಿದವರು ಚಿಂದೋಡಿ ಬಂಗಾರೇಶ್, ದಾವಣಗೆರೆಯ ಹೆಸರಾಂತ ವೃತ್ತಿರಂಗಭೂಮಿ ಮನೆತನದವರು. ಹಂಸಲೇಖ ಅವರಿಗೆ ಸಂಗೀತ ನಿರ್ದೇಶನಕ್ಕೆ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಬಾಲು ಹಾಡಿದ್ದರಲ್ಲಿ ಕುಂದು ಹುಡುಕುವ ದಾರ್ಷ್ಟ್ಯ ನನಗಿಲ್ಲ. ಆದರೆ ಚಿತ್ರ ಮುಗಿದ ಮೇಲೆ ನಮ್ಮ ಕೈಯಲ್ಲಿ ಉಳಿಯುವುದು ಏನು? ಒಬ್ಬ ಮಹಾತ್ಮನ ಕಷ್ಟ, ಗುರುಕೃಪೆ, ಅಪಮಾನ, ಗೆಲುವು. ಕಂಪನಿ ನಾಟಕದ ಹಳೆಯ ಮತ್ತು ಪಳಗಿದ ಹದ ಅದು. ಕಣ್ಣೀರು ಹೇಗೆ ತರಿಸಬೇಕೆಂದು ಅದಕ್ಕೆ ಗೊತ್ತು. ಗವಾಯಿಗಳು ಪಾಠ ಹೇಗೆ ಹೇಳುತ್ತಿದ್ದರು, ಕಣ್ಣಿಲ್ಲದ ಹುಡುಗನ ಬೆರಳು ಹಿಡಿದು ತಬಲಾದ ಮೇಲಿಟ್ಟು ಬೋಲು ಹೇಗೆ ಕೂರಿಸುತ್ತಾರೆ, ಒಂದೇ ಪಲಟಾ ತಿಂಗಳುಗಟ್ಟಲೆ ತಿರುವಿದರೆ ಹುಡುಗನ ದನಿ ಎಲ್ಲಿ ಒಡೆದು ಎಲ್ಲಿ ಕೂಡಿಕೊಳ್ಳುತ್ತದೆ ಎಂಬುದು ಕಥಾಚಿತ್ರಕ್ಕೆ ಬೇಡದ ಸರಕು. 1944ರಲ್ಲಿ ತೀರಿಕೊಂಡ ಗುರುವನ್ನು ಮತ್ತೆ ತೆರೆಗೆ ತರಲಾಗದು, ಒಪ್ಪಿದೆ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು 2010ರವರೆಗೆ ನಮ್ಮ ನಡುವೆಯೇ ಇದ್ದರಲ್ಲ! ಆ ಪಾಠದ ಕೋಣೆಯಲ್ಲಿ ಬೆಳಗಿನಿಂದ ಸಂಜೆಯತನಕ ಕ್ಯಾಮೆರಾ ಇಟ್ಟು ಕೂಡುವ ಕೆಲಸದ ಬೆಲೆ, ಇಡೀ ಕಥಾಚಿತ್ರಕ್ಕಿಂತ ಹೆಚ್ಚು.

ಶರೀಫರ ವಿಷಯ ಇನ್ನೂ ಬಿಗಿ. ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ 1990ರದು. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಪ್ರಶಸ್ತಿ ಪಡೆದದ್ದು. ಸಿ. ಅಶ್ವತ್ಥರ ಧಾಟಿ ಸೊಗಸಾದದ್ದೇ. ತೊಂದರೆ ಇರುವುದೂ ಅಲ್ಲೇ. ಏಕತಾರಿ, ದಮ್ಮಡಿ, ತಾಳ ಹಿಡಿದು ರಾತ್ರಿಯಿಡೀ ತತ್ವಪದ ಹಾಡುತ್ತಿದ್ದ ಭಜನಾ ಮೇಳಗಳಿಗೆ ತಮ್ಮ ತಮ್ಮ ಧಾಟಿ ಇತ್ತು, ಊರೂರಿಗೆ ಬೇರೆ. ಈಗಿನ ಹುಡುಗರು ಶರೀಫರ ಪದ ಎತ್ತಿಕೊಂಡರೆ ಕ್ಯಾಸೆಟ್ಟಿನ, ಸಿನಿಮಾದ ಧಾಟಿಯನ್ನೇ ಎತ್ತಿಕೊಳ್ಳುತ್ತಾರೆ. ಒಬ್ಬ ದೊಡ್ಡ ಸಂಗೀತಗಾರನ ಯಶಸ್ಸು ಹತ್ತಾರು ಸಣ್ಣ ಧಾಟಿಗಳನ್ನು ಹಿಂದಕ್ಕೆ ತಳ್ಳಿತು. ತಪ್ಪು ಅಶ್ವತ್ಥರದಲ್ಲ. ಆ ಸಣ್ಣ ಧಾಟಿಗಳನ್ನು ಮೊದಲೇ ಹಿಡಿದಿಡದ ನಮ್ಮದು.

ಸಾಕ್ಷ್ಯಚಿತ್ರಗಳೆಲ್ಲ ಚಿನ್ನವೇ ಎಂದು ಹೇಳಹೊರಟಿಲ್ಲ. ಗವಾಯಿ ಆಲಾಪಕ್ಕೆ ಬಾಯಿ ತೆರೆದರೆ ಸಾಕು, ನಿರೂಪಕ ನಡುವೆ ಹೊಕ್ಕು ಘರಾಣೆಯ ವಂಶಾವಳಿ ಓದತೊಡಗುತ್ತಾನೆ. ನಂತರ ನಾಲ್ಕು ಜನ ಗಣ್ಯರು ಕುರ್ಚಿಯಲ್ಲಿ ಕೂತು ಹೊಗಳುತ್ತಾರೆ. ಈ ಚಾಳಿಗೆ ನಿದ್ದೆ ಬರುವುದು ಸಹಜ. ಆದರೆ ಗುಲ್ಜಾರರು ಭೀಮಸೇನರ ಮೇಲೆ, ನಂದನ್ ಕುಡ್ಯಾಡಿ ಮಲ್ಲಿಕಾರ್ಜುನ ಮನಸೂರರ ಮೇಲೆ ‘ರಸಯಾತ್ರಾ’, ಜಬ್ಬಾರ್ ಪಟೇಲರು ಕುಮಾರ ಗಂಧರ್ವರ ಮೇಲೆ ‘ಹಂಸ ಅಕೇಲಾ’ ಮಾಡಿದ್ದಾರೆ. ಮೂವರು ಗಾಯಕರೂ ನಮ್ಮ ನೆಲದವರು. ಸಾಕ್ಷ್ಯಚಿತ್ರ ಬೇಸರ ಎನ್ನುವವರಲ್ಲಿ ಇವುಗಳಲ್ಲಿ ಒಂದನ್ನಾದರೂ ಪೂರ್ತಿ ನೋಡಿದವರು ಎಷ್ಟು ಜನ? ತಾಲ್ಲೂಕು ಕೇಂದ್ರದ ಒಂದು ಟಾಕೀಸಿಗೋ ಶಾಲೆಯ ಅಂಗಳಕ್ಕೋ ಇವನ್ನು ತಂದು ತೋರಿಸದೆ, ಜನರಿಗೆ ಬೇಡ ಎಂದು ಜನರ ಪರವಾಗಿ ನಾವೇ ಹೇಳಿಬಿಟ್ಟೆವು.

ಹಾಡನ್ನು ಹೇಗೆ ಹಿಡಿಯಬೇಕೆಂಬುದಕ್ಕೆ ನನ್ನ ಮಟ್ಟಿಗೆ ಮಾದರಿ ಮಣಿ ಕೌಲ್ 1982ರಲ್ಲಿ ಮಾಡಿದ ‘ಧ್ರುಪದ್’. ಡಾಗರ್ ಸೋದರರು ಹಾಡುತ್ತಾರೆ, ಬಾರಿಸುತ್ತಾರೆ, ಕ್ಯಾಮೆರಾ ಕಾಯುತ್ತದೆ. ಸ್ವರ ಊರಿ ನಿಲ್ಲಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೊಡುತ್ತದೆ. ನಮ್ಮ ಸಿನಿಮಾ ಹಾಡು ಐದು ನಿಮಿಷದಲ್ಲಿ ಊರು, ಋತು, ವಯಸ್ಸು ಎಲ್ಲ ದಾಟಿಬಿಡುತ್ತದೆ. ಸಂಗೀತದ ಚಿತ್ರವನ್ನು ಅಳೆಯುವ ನನ್ನ ಮೊದಲ ಪ್ರಶ್ನೆ ಬಹಳ ಒರಟು: ಕತ್ತರಿ ಬೀಳದೆ ಎಷ್ಟು ನಿಮಿಷ ಹಾಡಲು ಬಿಟ್ಟಿರಿ?

ಆ ಪ್ರಶ್ನೆಗೆ ಎದೆ ಸೆಟೆಸಿ ಉತ್ತರಿಸಬಲ್ಲವನು ಮದುವೆ ವಿಡಿಯೊದ ಹುಡುಗ. ಜಾತ್ರೆಯ ಸಾಮಾಜಿಕ ನಾಟಕವನ್ನು ಆತ ಪೆಂಡಾಲಿನ ಹಿಂದೆ ಸ್ಟ್ಯಾಂಡಿಗೆ ಕ್ಯಾಮೆರಾ ಸಿಗಿಸಿ ಹಿಡಿಯುತ್ತಾನೆ. ರಾತ್ರಿ ಶುರುವಾದದ್ದು ಕೋಳಿ ಕೂಗುವತನಕ. ಗಂಡು ಪಾತ್ರಕ್ಕೆ ಊರ ಹುಡುಗರು, ಹೆಣ್ಣು ಪಾತ್ರಕ್ಕೆ ಗದಗ–ಹುಬ್ಬಳ್ಳಿಯಿಂದ ಬಂದ ವೃತ್ತಿ ನಟಿಯರು. ಸದ್ದು ಸರಿಯಿಲ್ಲ, ಬೆಳಕು ಮುಖಕ್ಕೆ ಹೊಡೆಯುತ್ತದೆ. ಆದರೂ ಕಿವಿಗೊಟ್ಟರೆ ಪರದೆಯ ಹಿಂದಿನಿಂದ ಮಾತು ಎತ್ತಿಕೊಡುವವನ ದನಿ ನಟನ ದನಿಗಿಂತ ಅರೆಗಳಿಗೆ ಮೊದಲೇ ಕೇಳುತ್ತದೆ. ನಟ ಮಾತು ಮರೆತಲ್ಲಿ ಪೇಟಿ ಮಾಸ್ತರ ಒಂದು ಸುರ ಎಳೆದು ಹೊತ್ತು ತುಂಬುತ್ತಾನೆ. ಮಗ ಸತ್ತ ದೃಶ್ಯ, ತಾಯಿ ಪಾತ್ರದಾಕೆ ಗೋಳಾಡುತ್ತಿದ್ದಾಳೆ. ಅಷ್ಟರಲ್ಲಿ ಮೈಕಿನಲ್ಲಿ ಇಂಥವರಿಂದ ನೂರಾ ಒಂದು ರೂಪಾಯಿ ಆಯೇರಿ ಎಂದು ಕೂಗುತ್ತಾರೆ. ಆಕೆ ಅಳು ನಿಲ್ಲಿಸಿ, ನೋಟು ತೆಗೆದುಕೊಂಡು, ಕೈ ಮುಗಿದು, ಬಿಟ್ಟ ಸುರದಲ್ಲೇ ಮತ್ತೆ ಅಳುತ್ತಾಳೆ. ಕುಳಿತ ಮಂದಿಯೂ ಮತ್ತೆ ಅಳುತ್ತಾರೆ!

ರಸಭಂಗ ಎಂದು ವಿಮರ್ಶಕರು ಮೂಗು ಮುರಿಯುವುದು ಇದಕ್ಕೇ. ಅಳುವಿನಿಂದ ಆಯೇರಿಗೆ, ಆಯೇರಿಯಿಂದ ಅಳುವಿಗೆ ದಾಟುವ ಆ ನಟಿಯ ಕಸುಬನ್ನು ಯಾವ ರಂಗಶಾಲೆ ಕಲಿಸುತ್ತದೆ? ಪುಣ್ಯಾಶ್ರಮ ಕೂಡ ನಾಟಕ ಸಂಘ ಕಟ್ಟಿ ಊರೂರು ತಿರುಗಿತು. ಮಕ್ಕಳ ಅನ್ನಕ್ಕೆ ದುಡ್ಡು ಬರಬೇಕಿತ್ತು. ನಮ್ಮ ಸೀಮೆಯಲ್ಲಿ ಕಲೆ ಮತ್ತು ಕಾಣಿಕೆ ಎಂದೂ ಬೇರೆ ಬೇರೆ ಕೂತವಲ್ಲ. ನಾಟಕವನ್ನು ಹಿಡಿದರೆ ಅದು ಅತ್ತ ನಾಟಕವೂ ಅಲ್ಲ, ಇತ್ತ ಸಿನಿಮಾವೂ ಅಲ್ಲ ಎಂಬ ಆಕ್ಷೇಪ ನಿಜವೇ. ಆದರೆ ಶಿರಹಟ್ಟಿ ಕಂಪನಿಯ ಒಂದು ಇಡೀ ರಾತ್ರಿ ಹೇಗೆ ಸಾಗುತ್ತಿತ್ತೆಂದು ತಿಳಿಯಲು ಇವತ್ತು ನೆನಪಿನ ಬರಹಗಳನ್ನು ತಡಕಾಡುವ ನಮಗೆ, ಅಂಥ ಕೆಟ್ಟ ವಿಡಿಯೊ ಒಂದು ಇದ್ದಿದ್ದರೆ ಬೇಡವೆನ್ನುತ್ತಿದ್ದೆವೆ?

ಈ ಜಾತ್ರೆ ನಾಟಕದ ವಿಡಿಯೊಗಳನ್ನು ಈಗ ಕೆಡಿಸುತ್ತಿರುವುದು ಬೇರೆಯೇ ಸಂಗತಿ. ಇಡೀ ನಾಟಕ ಯಾರೂ ನೋಡುವುದಿಲ್ಲವೆಂದು ಎರಡು ನಿಮಿಷದ ಕಾಮಿಡಿ ತುಣುಕು, ಒಂದು ಡ್ಯಾನ್ಸು ಮಾತ್ರ ಉಳಿಸಿ, ಮಿಕ್ಕದ್ದನ್ನು ಮೆಮೊರಿ ಕಾರ್ಡಿನಿಂದ ಅಳಿಸುತ್ತಾರೆ. ಯಳವತ್ತಿಯಲ್ಲಾಗಲಿ ಸುತ್ತಿನ ಊರುಗಳಲ್ಲಾಗಲಿ ನಾಟಕ ಆಡಿಸುವ ಹುಡುಗರಲ್ಲಿ ಕೇಳಿಕೊಳ್ಳುವುದಿಷ್ಟು. ತುಣುಕು ಎಷ್ಟಾದರೂ ಹಾಕಿ, ಮೂಲವನ್ನು ಅಳಿಸಬೇಡಿ. ಒಂದು ಮೈಕು ಪೇಟಿಯ ಹತ್ತಿರ ಇಡಿ. ನಾಟಕ ಬರೆದವರು, ಕಲಿಸಿದ ಮಾಸ್ತರ, ಪಾತ್ರ ಮಾಡಿದವರು, ಊರು, ತಾರೀಖು ಬರೆದಿಡಿ. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಇಲ್ಲಿಂದ ದೂರವಿಲ್ಲ. ಒಂದು ಪ್ರತಿ ಅಲ್ಲಿಗೆ ಮುಟ್ಟಿಸಿ. ಅದನ್ನು ಇಸಿದುಕೊಂಡು ಜೋಪಾನ ಮಾಡುವ ವ್ಯವಸ್ಥೆಯನ್ನು ವಿಶ್ವವಿದ್ಯಾಲಯದವರೂ ಮಾಡಬೇಕು.